ಮಗ್ಗದ ಕುಣಿ ಮತ್ತು ಉದ್ದ ಗಾಡಿ

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಇಳಕಲ್ಲಿನಲ್ಲಿ ಕರೆಂಟ್ ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಓಣಿಯ ಪವರ್‌ಲೂಮ್‌ಗಳೆಲ್ಲ ಒಮ್ಮೆಗೇ ಸುಮ್ಮನಾಗುತ್ತವೆ. ನಾನು ಕೈಯಲ್ಲಿ ಮೊಬೈಲ್ ಹಿಡಿದು ಶಾಲೆಯವರು ಕಳಿಸಿದ ಸಂದೇಶ ಓದುತ್ತಿದ್ದೆ, ಹಾಗಾಗಿ ಹೊತ್ತು ಕಣ್ಣಿಗೆ ಬಿತ್ತು. ಆ ಅಂಕಿಗಳು ಈಗಲೂ ಯಾವ ಗಡಿಯಾರದಲ್ಲಿ ಬಂದರೂ ನಾನು ಮುಖ ತಿರುಗಿಸುತ್ತೇನೆ.

ನಮ್ಮ ಮನೆಯವರು ಆಗ ಮಗ್ಗದ ಕುಣಿಯೊಳಗಿದ್ದರು. ಗಾಡಿ ಅವರ ತಲೆಯ ಮೇಲಿತ್ತು.

ಕುಣಿಯ ಬಗ್ಗೆ ಹೇಳಬೇಕು. ನಮ್ಮ ಅತ್ತೆ ನೇಕಾರ ಮನೆತನದವರು. ಹಿತ್ತಲ ಕೋಣೆಯಲ್ಲಿ ಅವರ ಕುಣಿಮಗ್ಗ ಇತ್ತು. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ಸೀರೆ ನೇಯುವ ಮಗ್ಗ. ಅವರ ಮೊಳಕಾಲು ಕೈಕೊಟ್ಟ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿ ಹಾಗೇ ಉಳಿಯಿತು. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡುವ ನಮ್ಮ ಮನೆಯವರಿಗೆ ಅದು ಖಾಲಿಯಾದದ್ದೇ ತಡ, ಬೇರೆ ಗ್ಯಾರೇಜೇ ಬೇಡವಾಯಿತು. ಕುಣಿಯನ್ನು ಎದೆಮಟ್ಟ ಆಳ ಮಾಡಿ, ಆಚೆ ಒಂದು ಗಾಲಿ ಈಚೆ ಒಂದು ಗಾಲಿ ಬರುವಂತೆ ತಮ್ಮ ಸೋದರಮಾವನ ಹಳೆಯ ಮೋಟಾರ್ ಸೈಕಲ್ ನಿಲ್ಲಿಸಿದರು. ಅದನ್ನು ಚಾಪರ್, ಅಂದರೆ ಸಿನಿಮಾದಲ್ಲಿ ಕಾಣುವ ಉದ್ದ ಮೂತಿಯ ಬೈಕು, ಮಾಡುವುದು ಅವರ ಕನಸು. ಹಿಂದಿನ ಚೌಕಟ್ಟು ಕತ್ತರಿಸಿದರು. ಮುಂದಿನ ಗಾಲಿ ಹಿಡಿಯುವ ಫೋರ್ಕನ್ನು ಉದ್ದ ಮಾಡಿ ಅದನ್ನು ದೂರ ಚಾಚಿದರು. ಸೀಟು ನೆಲಕ್ಕಿಳಿಯಿತು, ಹ್ಯಾಂಡಲ್ ಆಕಾಶಕ್ಕೇರಿತು. ಓಣಿಯವರು ಅದನ್ನು ಉದ್ದ ಗಾಡಿ ಎಂದರು, ಆ ಹೆಸರೇ ನಿಂತಿತು.

ಆ ದಿನಗಳು ನನಗೆ ಬೇಕು. ಹುನಗುಂದದ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ಬಸ್ಸಿಳಿದು ಮನೆಗೆ ಬಂದರೆ ಹಿತ್ತಲಿಂದ ತಾಯಿ ಮಗನ ಜಗಳ ಕೇಳುತ್ತಿತ್ತು. ಅತ್ತೆ ಬಾಗಿಲಲ್ಲಿ ಕಾಲು ಚಾಚಿ ಕೂತು ಪ್ರತಿಯೊಂದು ಬೋಲ್ಟಿಗೂ ತಕರಾರು ತೆಗೆಯುತ್ತಿದ್ದರು.

"ಏನಲೇ ಇದು, ಹ್ಯಾಂಡಲ್ಲೋ ಜೋಕಾಲಿಯೋ? ಜೋತಾಡಾಕ ಮಾಡೀಯೇನು?"

"ಮೊದ್ಲ ಹತ್ತಿ ಕುಂದ್ರು ಬೇ, ಆಮ್ಯಾಲ ಮಾತಾಡು."

"ನಾ ಕುಂತರ ನಿನ್ನ ಗಾಡಿ ನಡಾ ಮುರೀತೈತಿ. ಆಮ್ಯಾಲ ನನ್ನ ಹೆಸರ ಹೇಳಕೋಂತ ಅಳ್ತಿ."

ಬೈಯುತ್ತಲೇ ಅವರು ಸೀಟಿನ ಕವರಿಗೆಂದು ಹಳೆಯ ಸೀರೆಯ ಸೆರಗು ತೆಗೆದಿಟ್ಟಿದ್ದರು. ಗಾಡಿ ಮುಗಿದ ದಿನ ಬಾದಾಮಿಗೆ, ಅಲ್ಲಿಂದ ಮಹಾಕೂಟಕ್ಕೆ ಕರೆದೊಯ್ಯುತ್ತೇನೆಂದು ಇವರು ನನಗೆ ಹೇಳಿದ್ದರು. ಬಾಗಲಕೋಟೆಯಲ್ಲಿ ಕಾಲೇಜಿಗೆ ಹೋಗುವಾಗ ಗೆಳತಿಯರೊಂದಿಗೆ ಮಹಾಕೂಟದ ಹೊಂಡದಲ್ಲಿ ಕಾಲು ಬಿಟ್ಟು ಕೂತದ್ದನ್ನು ಅವರ ಮುಂದೆ ಎಷ್ಟು ಸಲ ಹೇಳಿದ್ದೆನೋ. ಗಾಡಿಗೆ ಒಂದೇ ಸೀಟಿದೆಯಲ್ಲ, ನಾನೆಲ್ಲಿ ಕೂರಲಿ ಎಂದು ಕೇಳಿದರೆ, ಅದಕ್ಕೊಂದು ಉಪಾಯ ಇದೆ ಎಂದು ತಲೆ ತುರಿಸಿಕೊಳ್ಳುತ್ತಿದ್ದರು. ಉಪಾಯ ಇದ್ದಿದ್ದರೆ ತಾನೇ ಹೇಳುವುದು.

ಆ ಸಂಜೆ ಹೊಸ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಪೈಪು ಜೋಡಿಸುತ್ತಿದ್ದರು. ಕುಣಿಯಲ್ಲಿ ಸೆಕೆಯೆಂದು ಅಂಚಿಗೆ ಟೇಬಲ್ ಫ್ಯಾನ್ ಇಟ್ಟುಕೊಂಡಿದ್ದರು. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಕತ್ತಲಲ್ಲಿ ಅವರ ಕೈ ತಾಗಿ ಪೈಪು ಕಳಚಿ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಇದೆಲ್ಲ ಆಮೇಲೆ ತಿಳಿದದ್ದು. ನಾನು ಕೇಳಿದ್ದು ಅವರ ದನಿ ಮಾತ್ರ.

"ಯವ್ವಾ, ದೀಪ ತಾ ಬೇ."

ದೀಪ ಎಂದರೆ ಅವರಿಗೆ ಚಾರ್ಜಿಂಗ್ ಲೈಟು. ಕೊಕ್ಕೆಯಿಂದ ಗಾಡಿಗೆ ತೂಗುಹಾಕಿಕೊಂಡು ಕೆಲಸ ಮಾಡುವಂಥದ್ದು, ಕಿಟಕಿಯ ಹತ್ತಿರ ಚಾರ್ಜಿಗೆ ಇಟ್ಟಿದ್ದರು. ಅತ್ತೆಗೆ ದೀಪ ಎಂದರೆ ಒಂದೇ. ಮಗ್ಗ ಹೋದ ಮೇಲೂ ಅವರು ಹೊತ್ತು ಮುಳುಗುವಾಗ ಕುಣಿಯ ಪಕ್ಕದ ಗೋಡೆಯ ಗೂಡಿನಲ್ಲಿ ಎಣ್ಣೆದೀಪ ಇಡುವುದನ್ನು ಬಿಟ್ಟಿರಲಿಲ್ಲ. ಅನ್ನ ಕೊಟ್ಟ ಜಾಗ, ಕತ್ತಲಲ್ಲಿ ಬಿಡಬಾರದು ಎನ್ನುತ್ತಿದ್ದರು. ಇವರು ಕೂಗಿದಾಗ ಅವರು ದೀಪ ಹಿಡಿದು ಹೊಸ್ತಿಲಲ್ಲೇ ಇದ್ದರು. ನಾನು ಅವರ ಹಿಂದಿದ್ದೆ.

ಅವರು ಗೂಡಿಗೆ ಇಡಲಿಲ್ಲ. ಮಗ ಕೇಳಿದನಲ್ಲ ಎಂದು ಬಗ್ಗಿ ಕುಣಿಯತ್ತ ಚಾಚಿದರು.

ನೆಲದ ಮೇಲೆ ಏನೋ ನೀಲಿ ಓಡಿತು. ಸದ್ದಾಗಲಿಲ್ಲ, ಯಾರೋ ದೊಡ್ಡದಾಗಿ ಉಸಿರು ಎಳೆದುಕೊಂಡಂತಾಯಿತು ಅಷ್ಟೆ. ಆಮೇಲೆ ಕುಣಿಯ ತುಂಬ ಹಳದಿ ಬೆಳಕು, ಅದರ ನಡುವೆ ಇವರ ಮುಖ. ಮೊಳಕಾಲು ಮಡಚಲಾಗದ ಅತ್ತೆ ನೆಲಕ್ಕೆ ಬಿದ್ದು ಎರಡೂ ಕೈ ಚಾಚಿ ಮಗನ ಅಂಗಿ ಹಿಡಿದು ಎಳೆದರು. ನಾನು ಅವರ ನಡುವನ್ನು ಹಿಡಿದು ಎಳೆದೆ. ಮೂವರೂ ಹೊರಗೆ ಬಿದ್ದೆವು. ಗೋಣಿಚೀಲ ತೋಯಿಸಿ ಇವರ ಕಾಲಿಗೆ ಸುತ್ತಿದ್ದು ಪಕ್ಕದ ಮನೆಯವರು. ಅವರೇ ಮರಳು ಸುರಿದು ಬೆಂಕಿ ಆರಿಸಿದರು.

ಹುನಗುಂದ ದಾಟಿ ಬಾಗಲಕೋಟೆಯ ದವಾಖಾನೆ ಸೇರುವವರೆಗೂ ಇವರು ನನ್ನ ಕೈ ಬಿಡಲಿಲ್ಲ. ಮೊಳಕಾಲಿನ ಕೆಳಗೆ ಎರಡೂ ಕಾಲು ಸುಟ್ಟಿದ್ದವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ, ಬದುಕಿದ್ದೇ ಹೆಚ್ಚು ಎಂದರು ಡಾಕ್ಟರು. ಹೇಗಾಯಿತು ಎಂದು ಕೇಳಿದಾಗ ಇವರು ನನ್ನ ಮುಖ ನೋಡಿ, ವೈರಿನಿಂದ ಕಿಡಿ ಹಾರಿತು ಎಂದರು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದರು. ಅತ್ತೆ ಕಾಟಿನ ಪಕ್ಕ ಕೂತು ಕೇಳಿಸಿಕೊಂಡರು. ಅವರ ಹಣೆಯ ಮೇಲಿನ ಕೂದಲು ಕರಟಿ ಹೋಗಿತ್ತು.

ಮನೆಗೆ ಬಂದ ಮೇಲೆ ಕಾಲು ಮಾಯುತ್ತ ಬಂದವು. ಮಾಯದ್ದು ಬೇರೆ ಇತ್ತು. ತಾಯಿ ಮಗ ಇಬ್ಬರೂ ಬೀಗರಂತೆ ಮಾತಾಡತೊಡಗಿದರು. ಊಟ ಮಾಡಪಾ, ಹೂಂ ಬೇ, ಗುಳಿಗಿ ತಗೊಂಡೀಯೇನು, ಹೂಂ ಬೇ. ಅಷ್ಟೇ. ಅತ್ತೆ ದೀಪ ಹಚ್ಚುವುದನ್ನು ಬಿಟ್ಟೇಬಿಟ್ಟರು. ದೇವರ ಮುಂದೆ ನಾನೇ ಹಚ್ಚುತ್ತಿದ್ದೆ, ಆಗ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಹಿತ್ತಲ ಕೋಣೆಗೆ ಬೀಗ ಬಿತ್ತು. ಒಳಗೆ ಉದ್ದ ಗಾಡಿ ಅರ್ಧಕ್ಕೆ ನಿಂತಿತ್ತು.

ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಆ ಉಸಿರೆಳೆದ ಸದ್ದಿಗೆ ಎಚ್ಚರವಾಗಿ, ಎದ್ದು ಹೋಗಿ ಗ್ಯಾಸ್ ಒಲೆಯ ತಿರುಪು ಬಂದಾಗಿದೆಯೇ ಎಂದು ಮುಟ್ಟಿ ಬರುತ್ತಿದ್ದೆ. ಎಚ್ಚರ ಇದ್ದಷ್ಟು ಹೊತ್ತು ನಾನು ಬಯಸುತ್ತಿದ್ದದ್ದು ಬಾದಾಮಿಯನ್ನಲ್ಲ. ಆ ಇಬ್ಬರ ಜಗಳವನ್ನು. ಸ್ಪ್ಯಾನರ್ ಬಿದ್ದ ಸದ್ದು, ಅದರ ಹಿಂದೆ ಅತ್ತೆಯ ಬೈಗುಳ. ಅದು ಈ ಮನೆಗೆ ಇನ್ನು ಬರುವುದೇ ಇಲ್ಲವೇನೋ ಎನಿಸುತ್ತಿತ್ತು. ಆ ಕೋಣೆಯ ಹೆದರಿಕೆಯೂ ನನಗೇ ಇತ್ತು, ಅದರ ಹಂಬಲವೂ ನನಗೇ ಇತ್ತು.

ಒಂದು ಭಾನುವಾರ ಕೆರೂರಿನಿಂದ ಅತ್ತೆಯ ತಂಗಿ ಬಂದರು. ವೈರಿನ ಸುದ್ದಿ ಕೇಳಿ, ಮನೆಯ ವೈರೆಲ್ಲ ಬದಲಿಸಿಬಿಡು ಎಂದು ಇವರಿಗೆ ಬುದ್ಧಿ ಹೇಳುತ್ತಿದ್ದರು. ಅತ್ತೆ ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಅವತ್ತ ಕರೆಂಟಽ ಇರಲಿಲ್ಲ. ಇಡೀ ಓಣಿ ಮಗ್ಗ ನಿಂತಿದ್ದೂ. ವೈರ್ ಹೆಂಗ ಹತ್ತತೈತಿ? ಹಚ್ಚಿದಾಕಿ ನಾ."

ಇವರ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಇಷ್ಟು ದಿನ ಹೇಳಿದ ಸುಳ್ಳಿನಲ್ಲಿ ಕರೆಂಟ್ ಹೋದದ್ದನ್ನು ಅವರು ಮರೆತೇಬಿಟ್ಟಿದ್ದರು.

"ದೀಪ ತಾ ಅಂದಾಂವ ನಾ," ಎಂದರು ಇವರು.

"ನೀ ಅನದಿದ್ರೂ ತರ್ತಿದ್ದೆ. ಹೊತ್ತಾಗಿತ್ತು."

"ನಾ ಕೇಳಿದ್ದು ಚಾರ್ಜಿಂಗಿಂದು."

"ಅದಕ್ಕ ದೀಪ ಅಂತಾರೇನಲೇ? ಎಣ್ಣಿ ಇಲ್ಲ, ಬತ್ತಿ ಇಲ್ಲ."

"ಮತ್ತೇನಂತಾರ? ಇಕಿನ್ನ ಕೇಳು, ಅಲ್ಲೇ ಇದ್ಲು."

ಇಬ್ಬರೂ ನನ್ನತ್ತ ನೋಡಿದರು. ನಾನು ಕಂಡದ್ದನ್ನು ಹೇಳಿದೆ. ಇವರು ದೀಪ ಕೇಳಿದ್ದು ಖರೆ, ಕೇಳುವ ಮೊದಲೇ ಅತ್ತೆ ದೀಪ ಹಿಡಿದು ಬಂದದ್ದೂ ಖರೆ, ಇಡಬೇಕಾದ ಗೂಡು ಬಿಟ್ಟು ಕುಣಿಯತ್ತ ಬಗ್ಗಿದ್ದು ಇವರು ಕೇಳಿದ್ದಕ್ಕೆ. ಅತ್ತೆ ಸೆರಗು ಬಾಯಿಗೆ ಹಿಡಿದರು. ಇವರು ಎದ್ದು ಹೋಗಿ ಅವರ ಪಕ್ಕ ನೆಲಕ್ಕೆ ಕೂತು, ತಮ್ಮ ಕಾಲಿನ ಸುಟ್ಟು ಸುಕ್ಕುಗಟ್ಟಿದ ಚರ್ಮವನ್ನು ಮುಟ್ಟಲು ಬಿಟ್ಟರು. ಅಷ್ಟು ದಿನದಲ್ಲಿ ಅತ್ತೆ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಆಮೇಲೆ ಅತ್ತೆಯೇ ಎಂದರು, "ಗಾಡಿ ಹೊರಗ ತಗಿ. ಅಂಗಳದಾಗ ಮಾಡು, ಹಗಲಿನ್ಯಾಗ ಮಾಡು. ಆ ಕುಣಿಗೆ ನಾಳೆ ಮಣ್ಣ ಹಾಕಸ್ತೇನಿ."

ಮೂವರೂ ಸೇರಿ ದೂಡಿದೆವು, ಕೆರೂರಿನ ಚಿಕ್ಕತ್ತೆಯೂ ಕೈ ಹಚ್ಚಿದರು. ಉದ್ದ ಫೋರ್ಕು ಬಾಗಿಲಲ್ಲಿ ತಿರುಗದೆ ಸಿಕ್ಕಿಕೊಂಡಿತು. ಎಡಕ್ಕೆ ಎಂದು ಇವರು, ಬಲಕ್ಕೆ ಎಂದು ಅತ್ತೆ. ಬಾಗಿಲ ಅಳತೆ ನೋಡದೆ ಗಾಡಿ ಕಟ್ಟುವವನು ಯಾವ ಸೀಮೆಯ ಶಾಣ್ಯಾ ಎಂದು ಅವರು ಬೈದರು. ಬಾಗಿಲು ಕಟ್ಟಿಸಿದವರು ಯಾರು ಎಂದು ಇವರು ಕೇಳಿದರು. ಪೆಟ್ರೋಲಿನ ಹಳೆಯ ವಾಸನೆ ಮೂಗಿಗೆ ಬಡಿಯಿತು, ಆದರೂ ಹಿಂದಿನ ಗಾಲಿ ಹಿಡಿದು ದೂಡುತ್ತಲೇ ಇದ್ದೆ.

ಗಾಡಿ ಇನ್ನೂ ಮುಗಿದಿಲ್ಲ. ನನ್ನ ಸೀಟೂ ಆಗಿಲ್ಲ. ಬಾದಾಮಿಯ ಬಸ್ಸು ಕಂಡರೆ ಇವತ್ತಿಗೂ ಮನಸ್ಸು ಅದರ ಹಿಂದೆ ಹೋಗುತ್ತದೆ.

ಆ ಭಾನುವಾರ ಅಂಗಳದಲ್ಲಿ ಅವರಿಬ್ಬರೂ ಇನ್ನೂ ವಾದ ಮಾಡುತ್ತಿರುವಾಗಲೇ ನಾನು ಒಳಗೆ ಹೋಗಿ ಸ್ವಲ್ಪ ಅಡ್ಡಾದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಸೋಮವಾರ. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಹುನಗುಂದದ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.