ಪ್ರಯೊಂಗಳ ಡಬ್ಬಿ, ಅಮ್ಮಾವ್ರ ಉಂಗುರ

ನಖೋನ್ ಸವನ್ ಊರಿನ ಅಕ್ಕಿ ಗಿರಣಿ ಗಲ್ಲಿಯಲ್ಲಿ ಮರ್ಯಾದಸ್ಥರು ಅಂತ ಯಾರಾದರೂ ಇದ್ದರೆ, ಪ್ರಯೊಂಗಳ ಕಣ್ಣಿಗಂತೂ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮೂರು ಚಕ್ರದ ಸೈಕಲ್ ಗಾಡಿ ತುಳಿದು ಆ ಗಲ್ಲಿಯ ಖಾಲಿ ಡಬ್ಬಿ ಆರಿಸುತ್ತಿದ್ದವಳಿಗೆ ಯಾರ ಮನೆಯ ಗುಟ್ಟು ಗೊತ್ತಿರಲಿಲ್ಲ ಹೇಳಿ. ಪ್ರೌಢಶಾಲೆಯ ಮೇಷ್ಟ್ರು ಬಿಯರ್ ಡಬ್ಬಿಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಹಾಲಿನಪುಡಿ ಚೀಲದೊಳಗೆ ತುರುಕಿ ಇಡುತ್ತಿದ್ದರು. ಮಳೆಗಾಲದ ವ್ರತದ ಮೂರು ತಿಂಗಳು ಹೆಂಡ ಮುಟ್ಟುವುದಿಲ್ಲವೆಂದು ಬೌದ್ಧ ವಿಹಾರದ ಭಿಕ್ಷುಗಳ ಮುಂದೆ ಕೈಮುಗಿದು ಬರುತ್ತಿದ್ದ ಟೈರ್ ಅಂಗಡಿಯವನ ಚೀಲ ಆ ಮೂರು ತಿಂಗಳಲ್ಲೇ ಹೆಚ್ಚು ಭಾರ.

"ಥೂ, ಬಾಯಿ ಮುಕ್ಕಳಿಸಿಕೊಂಡು ವಿಹಾರಕ್ಕೆ ಹೋಗ್ತಾವೆ ಮುಂಡೇವು," ಎಂದು ಅವಳು ಡಬ್ಬಿಗಳನ್ನು ಚಪ್ಪಲಿಯಡಿ ಚಪ್ಪಟೆ ಮಾಡುತ್ತಿದ್ದಳು.

ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನು ಹೆರೆಯುವ ಕೂಲಿ. ಅದು ಅನ್ನಕ್ಕೆ ಸರಿಹೋಗುತ್ತಿತ್ತು. ಕೋಣೆಯ ಬಾಡಿಗೆ ಏಳುತ್ತಿದ್ದುದು ಮಾತ್ರ ಡಬ್ಬಿಗಳಿಂದ. ಹಾಗಾಗಿ ವ್ರತ ಶುರುವಾದ ದಿನ ವಿಹಾರದ ಮೈಕಿನಲ್ಲಿ ವಿಲಾವನ್ ಅಮ್ಮಾವ್ರ ದನಿ ಕೇಳಿದಾಗ ಪ್ರಯೊಂಗ್ ಗಾಡಿ ನಿಲ್ಲಿಸಿ ಕಿವಿಗೊಟ್ಟಳು.

ವಿಲಾವನ್ ಅಮ್ಮಾವ್ರು ನಿವೃತ್ತ ಅಧಿಕಾರಿಯೊಬ್ಬರ ಹೆಂಡತಿ. ಪುಣ್ಯ ಮಾಡುವುದೆಂದರೆ ಅವರಿಗೆ ಫೋಟೋ ತೆಗೆಸಿಕೊಳ್ಳುವುದು. ಖಾಲಿ ಡಬ್ಬಿಗಳಿಂದ ಕೃತಕ ಕಾಲು ಮಾಡುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದರಂತೆ. ಗಲ್ಲಿಯ ಬಾಯಲ್ಲಿ ಲಾಟರಿ ಚೀಟಿ ಮಾರುವ ಚುಯೆನ್‌ನಿಗೆ ಈ ವ್ರತ ಮುಗಿಯುವುದರೊಳಗೆ ಕಾಲು ಕೊಡಿಸೋಣ, ಪ್ರತಿ ಮನೆಯ ಡಬ್ಬಿಯೂ ವಿಹಾರದ ಬಾಗಿಲಿನ ನೀಲಿ ಡ್ರಮ್ಮಿಗೇ ಬರಲಿ ಎಂದು ಸಾರಿದರು. ಚುಯೆನ್‌ನ ಬಲಗಾಲನ್ನು ಮರದ ಮಿಲ್ಲು ಮೊಣಕಾಲ ಕೆಳಗೆ ತಿಂದುಹಾಕಿ ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷ ಇವರಿಗೆ ಕಣ್ಣು ಕಂಡಿರಲಿಲ್ಲ.

ಪ್ರಯೊಂಗ್ ಅಂದು ಸಂಜೆಯೇ ಅಮ್ಮಾವ್ರ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಕೈಮುಗಿದಳು.

"ಅಮ್ಮಾವ್ರೇ, ನಾನು ಓದಿದೋಳಲ್ಲ. ಆದ್ರೆ ಡಬ್ಬಿ ಜೊತೇಲೇ ಮುದುಕಿಯಾದೋಳು. ಕಾಲು ಮಾಡೋದು ಡಬ್ಬಿಯಿಂದಲ್ಲ, ಮೇಲೆ ಎಳೀತೀವಲ್ಲ, ಆ ಉಂಗುರದಿಂದ. ಗಟ್ಟಿ ಲೋಹ ಇರೋದು ಅದ್ರಲ್ಲಿ ಮಾತ್ರ. ಈ ಡಬ್ಬಿ ನೋಡಿ, ಬೆರಳಲ್ಲಿ ಒತ್ತಿದ್ರೆ ನೆಗ್ಗುತ್ತೆ. ಇದ್ರಲ್ಲಿ ಮಾಡಿದ್ರೆ ಚುಯೆನ್ ಅಣ್ಣ ನಾಲ್ಕೇ ಹೆಜ್ಜೆಗೆ ಮಡಚ್ಕೊಂಡು ಬೀಳ್ತಾನೆ."

ಈ ಸುಳ್ಳನ್ನು ಅವಳೇ ಹುಟ್ಟಿಸಿದ್ದಲ್ಲ. ಊರಲ್ಲಿ ಅರ್ಧ ಜನ ಮೊದಲಿನಿಂದ ನಂಬಿದ್ದೇ. ಉಂಗುರ, ಡಬ್ಬಿ ಎರಡೂ ಒಂದೇ ಅಲ್ಯೂಮಿನಿಯಂ, ಸಾವಿರ ಉಂಗುರ ಸೇರಿದರೂ ಒಂದು ಕಿಲೋ ಆಗುವುದಿಲ್ಲ ಎಂದು ತಿಳಿದವಳು ಆ ಗಲ್ಲಿಯಲ್ಲಿ ಇವಳೊಬ್ಬಳು.

"ನಾನೂ ಅದನ್ನೇ ಹೇಳೋಣಾಂತಿದ್ದೆ," ಎಂದರು ಅಮ್ಮಾವ್ರು ತಕ್ಷಣ. "ನಮ್ಮ ನಾದಿನೀನೂ ಹಾಗೇ ಅಂದಿದ್ಲು. ಡಬ್ಬಿ ನೀನು ತಗೊಂಡು ಹೋಗಮ್ಮಾ, ನಮಗ್ಯಾಕೆ ಆ ಕಸ."

ಶುರುವಾಯಿತು ನೋಡಿ. ಮೇಷ್ಟ್ರು ಉಗುರು ಸೀಳಿಕೊಂಡು ಉಂಗುರ ಕಿತ್ತರು. ಟೈರ್ ಅಂಗಡಿಯವನು ಇಕ್ಕಳ ತಂದ. ದರ್ಜಿ ಹೆಂಗಸು ಉಂಗುರಗಳನ್ನು ಹಾರದಂತೆ ಪೋಣಿಸಿ, ಹಣೆಗೊತ್ತಿಕೊಂಡು ಡ್ರಮ್ಮಿಗೆ ಹಾಕಿದಳು. ಕುಡಿದದ್ದೂ ಈಗ ಪುಣ್ಯವಾಗಿತ್ತಲ್ಲ, ಮೇಷ್ಟ್ರ ಡಬ್ಬಿಗಳು ಪತ್ರಿಕೆಯ ಸೆರಗು ಬಿಟ್ಟು ಬೀದಿಗೇ ಬಂದವು. ತೊಳೆದು ಒಣಗಿಸಿದ ಡಬ್ಬಿಗಳು ಪ್ರಯೊಂಗಳ ಗಾಡಿಗೆ ತಾವಾಗಿಯೇ ಬಂದು ಬೀಳತೊಡಗಿದವು. ಇಂಥ ದಡ್ಡರ ಕಿವಿ ಮೇಲೆ ಹೂವಿಡದಿದ್ದರೆ ಅದೇ ಪಾಪ ಎಂದುಕೊಂಡು ಅವಳು ಗಾಡಿ ತುಳಿದಳು.

ಚುಯೆನ್ ಒಬ್ಬನ ಮುಂದೆ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ. ಅವನು ದಿನಕ್ಕೊಂದು ತಂಪು ಪಾನೀಯ ಕುಡಿದು, ಉಂಗುರ ಕಿತ್ತು ಅಂಗಿಯ ಜೇಬಿಗೆ ಹಾಕಿ, ಡಬ್ಬಿಯನ್ನು ಅವಳಿಗೆಂದು ಎತ್ತಿಡುತ್ತಿದ್ದ. ವಾರಕ್ಕೊಮ್ಮೆ ಊರುಗೋಲು ಹಾಕುತ್ತ ವಿಹಾರದವರೆಗೆ ಹೋಗಿ ಜೇಬು ಖಾಲಿ ಮಾಡಿ ಬರುತ್ತಿದ್ದ.

"ನಿನ್ನ ಗಾಡೀಲಿರೋದ್ರದ್ದೂ ಕಿತ್ತು ಹಾಕ್ತೀಯಲ್ವಾ ತಂಗಿ?"

"ಹಾಕ್ದೇ ಇರ್ತೀನಾ ಅಣ್ಣ," ಎಂದು ಅವಳು ಪೆಡಲ್ಲಿನ ಕಡೆ ನೋಡುತ್ತಿದ್ದಳು. ಕಾಲು ಇವತ್ತಲ್ಲ ನಾಳೆ ಯಾರಾದರೂ ಕೊಡಿಸುತ್ತಾರೆ, ಬಾಡಿಗೆ ಯಾರು ಕೊಡುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ವ್ರತ ಮುಗಿಯಿತು. ಕಾಲು ಮಾಡುವ ಕಡೆಯವರು ಫೋನಿನಲ್ಲಿ, ಲೋಹ ನಮಗೆ ಬೇಡ, ಮಾರಿ ಬಂದ ಹಣವನ್ನೇ ಕೊಡಿ ಎಂದರು. ಅಮ್ಮಾವ್ರು ಪಿಕಪ್ ಗಾಡಿಗೆ ಚೆಂಡುಹೂವಿನ ಹಾರ ಕಟ್ಟಿಸಿ, ಚುಯೆನ್‌ನಿಗೆ ಹೊಸ ಅಂಗಿ ತೊಡಿಸಿ ಪಕ್ಕದಲ್ಲಿ ಕೂರಿಸಿಕೊಂಡು ಲಿಯಾಂಗ್ ಸಾಹುಕಾರನ ಗುಜರಿ ಅಂಗಡಿಗೆ ಬಂದಿಳಿದರು. ಪ್ರಯೊಂಗ್ ಆಗತಾನೇ ತನ್ನ ಮೂಟೆಗಳನ್ನು ತಕ್ಕಡಿಯ ಬಳಿ ಇಳಿಸುತ್ತಿದ್ದಳು. ಓಡಿಹೋಗುವಂತಿರಲಿಲ್ಲ.

ಮೊದಲು ಅಮ್ಮಾವ್ರ ಉಂಗುರದ ಚೀಲ ತೂಗಿದರು. ಮುಳ್ಳು ಸೋಮಾರಿಯಂತೆ ಸ್ವಲ್ಪ ಅಲ್ಲಾಡಿ ನಿಂತಿತು. ಎರಡು ಕಿಲೋ ಕೂಡ ಇರಲಿಲ್ಲ.

"ಇಷ್ಟರಲ್ಲಿ ಕಾಲು ಬರುತ್ತಾ?" ಎಂದರು ಅಮ್ಮಾವ್ರು.

"ಒಂದ್ ಜೊತೆ ಹವಾಯಿ ಚಪ್ಪಲಿ ಬರುತ್ತೆ," ಎಂದ ಸಾಹುಕಾರ. "ಅದ್ರಲ್ಲೂ ಇವ್ನಿಗೆ ಒಂದು ದಂಡ." ಪ್ರಯೊಂಗಳ ಮೂಟೆಯಿಂದ ಒಂದು ಡಬ್ಬಿ ಎಳೆದು, ಮುರಿದ ಜಾಗ ನೋಡಿ ನಕ್ಕ. "ಯಾವ ತಲೆಕೆಟ್ಟೋರು ಕಿತ್ತಿದ್ದು? ಎರಡೂ ಒಂದೇ ಮಾಲು. ಇದನ್ನ ಇಡೀ ತಂದಿದ್ರೆ ಕಾಲಿಗೆ ಆಗ್ತಿತ್ತೋ ಏನೋ."

ಅಮ್ಮಾವ್ರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆದರೂ ಗುಜರಿಯವಳ ಮಾತು ಕೇಳಿ ಕೆಟ್ಟೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸಾಯುವುದೇ ಅವರಿಗೆ ಮೇಲು. "ಮೊಬೈಲ್‌ನಲ್ಲಿ ಹಾಗೇ ಹಾಕಿದ್ರು," ಎಂದು ಗೊಣಗಿ, ಫೋಟೋ ಇಲ್ಲದೆ, ಚುಯೆನ್‌ನನ್ನೂ ಅಲ್ಲೇ ಬಿಟ್ಟು ಪಿಕಪ್ ಹತ್ತಿದರು.

ಆಮೇಲೆ ಪ್ರಯೊಂಗಳ ಮೂಟೆಗಳು ತಕ್ಕಡಿಗೇರಿದವು. ಮುಳ್ಳು ಓಡಿದ ಓಟವನ್ನು ಚುಯೆನ್ ಊರುಗೋಲಿಗೆ ಗದ್ದ ಊರಿ ನೋಡಿದ. ಸಾಹುಕಾರ ಕೊಟ್ಟ ತಂಪು ಪಾನೀಯ ಅವನ ಕೈಯಲ್ಲಿತ್ತು.

"ಹೋಗ್ಲಿ ಬಿಡು ತಂಗಿ," ಎಂದ ಅವನು. "ನೀನೂ ಪಾಪ ಎಷ್ಟೊಂದು ಕಿತ್ತು ಹಾಕಿದ್ದೆ."

ಗಲ್ಲಿಯ ಅರವತ್ತು ಮನೆಗಳನ್ನೂ ಉಗಿದು ಬಂದವಳಿಗೆ, ಎಲ್ಲರಿಗಿಂತ ಹೇಸಿಗೆ ತಾನೇ ಅನ್ನಿಸಿತು. ಅನ್ನಿಸಿದರೂ ಸಾಹುಕಾರ ಕೊಟ್ಟ ನೋಟುಗಳನ್ನು ಸೊಂಟದ ಚೀಲಕ್ಕೆ ಸೇರಿಸಿದಳು.

ಚುಯೆನ್ ಕೊನೆಯ ಗುಟುಕು ಕುಡಿದ. ರೂಢಿಯಂತೆ ಹೆಬ್ಬೆರಳು ಉಂಗುರದ ಮೇಲೆ ಹೋಯಿತು, ಅಲ್ಲೇ ನಿಂತಿತು. ಕೀಳಲಿಲ್ಲ. ಡಬ್ಬಿಯನ್ನು ಹಾಗೇ ಅವಳ ಕೈಗಿಟ್ಟ.

"ಇಡೀದೇ ತಗೋ," ಎಂದ. "ತೂಕ ಬರುತ್ತೆ."