ಪರದೆಯ ಮೇಲಿನ ಬಳೆ

ಆಳಂದದ ಬಸ್ ನಿಲ್ದಾಣದ ಎದುರಿಗೆ ಗುರುಶಾಂತನ ಪಾತ್ರೆ ಅಂಗಡಿ. ಅದರ ಗೋಡೆಗೆ ಗೋಡೆ ಹಚ್ಚಿಕೊಂಡು ವಿದ್ಯಾವತಿಯ ಫೋಟೋ ಸ್ಟುಡಿಯೋ. ಇಬ್ಬರಿಗೂ ಗಿರಾಕಿಗಳು ಮದುವೆ ಮನೆಯವರೇ. ಅವರು ಮೊದಲು ಫೋಟೋ ಅಂಗಡಿಗೆ ಹೋದರೆ ಪಾತ್ರೆ ಅಂಗಡಿಗೆ ಬರುವಷ್ಟರಲ್ಲಿ ಕೈ ಬಿಗಿಯಾಗಿರುತ್ತದೆ ಎನ್ನುವುದು ಗುರುಶಾಂತನ ದೂರು. ಆದರೂ ಓಣಿಯಲ್ಲಿ ಅವನು ಮನಸ್ಸಿನೊಳಗೆ ಕೈ ಮುಗಿಯುವ ವ್ಯಾಪಾರಿ ಯಾರಾದರೂ ಇದ್ದರೆ ಅದು ಈ ಹೆಣ್ಣುಮಗಳೇ. ಬಾಯಿಬಿಟ್ಟು ಮಾತ್ರ ಎಂದೂ ಹೇಳಿದವನಲ್ಲ. ಹೊಗಳಿದರೆ ಮಾಲಿನ ದರ ಏರುತ್ತದೆ ಎಂಬುದು ಅವನಿಗೆ ಗೊತ್ತು.

ವಿದ್ಯಾವತಿ ಅಫಜಲಪುರ ತಾಲೂಕಿನ ಕರಜಗಿಯವಳು. ಗಂಡ ಮಹೇಶಕುಮಾರ ಬೇಳೆ ಮಿಲ್ಲಿನಲ್ಲಿ ಕಾರಕೂನ. ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಕಂಡದ್ದು ಒಂದು ಸಣ್ಣ ಸಂಗತಿ: ವರನ ಕಡೆಗೆ ಕಳಿಸುವ ಫೋಟೋ ತೆಗೆಸಲು ಹುಡುಗಿಯರು ಗಂಡಸು ಫೋಟೋದವನ ಮುಂದೆ ಕೂತಾಗ ಮುಖ ಹಿಂಡಿಕೊಳ್ಳುತ್ತಿದ್ದರು. ಅವಳು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವರ ಮನೆಗಳಿಗೇ ಹೋದಳು. ಅಡುಗೆಮನೆಯ ಬಾಗಿಲಲ್ಲಿ, ತಂಗಿಯರ ನಗುವಿನ ನಡುವೆ ತೆಗೆದ ಆ ಚಿತ್ರಗಳಿಗೆ ಜೇವರ್ಗಿಯಿಂದಲೂ ಗಿರಾಕಿಗಳು ಬಂದರು. ಮನೆ ಮನೆ ತಿರುಗಿದ ಕ್ಯಾಮೆರಾ ಕೊನೆಗೆ ಅಂಗಡಿಯಾಯಿತು.

ಅವಳ ಕಂಪ್ಯೂಟರಿಗೆ ವಯಸ್ಸಾಗಿತ್ತು. ಹೊಸ ಹೊಸ ಸಾಫ್ಟ್‌ವೇರು ಹಾಕಿದಂತೆಲ್ಲ ಏದುಸಿರು ಬಿಡುತ್ತಿತ್ತು. ಮೊಬೈಲ್ ರಿಪೇರಿಯ ಜುಬೇರನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದಕ್ಕೆ ಲಿನಕ್ಸ್ ಹಾಕಿದಳು. ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದ ವ್ಯವಸ್ಥೆ ಅದು. ಪುಕ್ಕಟೆ ಎಂದಾಗ ಗುರುಶಾಂತ ಮೊದಲು ಅನುಮಾನಪಟ್ಟ. ಪುಕ್ಕಟೆ ಕೊಡುವವನು ಒಂದೋ ಮೂರ್ಖ, ಇಲ್ಲವೇ ಮುಂದೆ ಅಂಗಡಿಯನ್ನೇ ನುಂಗುವವನು ಎಂದು ಎಚ್ಚರಿಸಿದ. ಅವಳು ನಕ್ಕು ಕೆಲಸ ಮುಂದುವರಿಸಿದಳು. ಅದೇ ಹೊತ್ತಿಗೆ ಸೊಲ್ಲಾಪುರದ ಮುಚ್ಚಿದ ಅಂಗಡಿಯೊಂದರಿಂದ ಅಗಲವಾದ ಕಂಪ್ಯೂಟರ್ ಪರದೆಯೊಂದನ್ನು ತಂದು ಅವಳಿಗೆ ಮಾರಿದವನು ಗುರುಶಾಂತನೇ. ಮಾಲು ಚೊಕ್ಕ ಇದೆ ಎಂದು ಆಗ ಎದೆ ತಟ್ಟಿಕೊಂಡು ಹೇಳಿದ್ದ.

ಪರದೆ ಬಂದ ಮೇಲೆ ವಿದ್ಯಾವತಿಯ ಹೆಸರು ಇನ್ನೂ ಏರಿತು. ಅವಳ ಸ್ಟುಡಿಯೋದಲ್ಲಿ ತೆಗೆಸಿದರೆ ದಪ್ಪಗಿದ್ದವರು ತೆಳ್ಳಗೆ ಕಾಣುತ್ತಾರೆ ಎಂಬ ಮಾತು ತಾಲೂಕಿನ ತುಂಬ ಹಬ್ಬಿತು. ಗುರುಶಾಂತನ ಹೆಂಡತಿ ಸುಭದ್ರಾಬಾಯಿ ತನ್ನ ಫೋಟೋವನ್ನು ದೇವರ ಮನೆಯ ಬಾಗಿಲ ಮೇಲೆಯೇ ಹಾಕಿಸಿದಳು. ಇದು ಕೈಗುಣ ಎಂದು ಎಲ್ಲರೂ ನಂಬಿದರು. ವಿದ್ಯಾವತಿಯೂ ನಂಬಿದಳೋ ಏನೋ.

ಖಜೂರಿ ಊರಿನ ನಿಂಬೆವ್ವ ಬಂದದ್ದು ಆಗ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮನೆಯ ಗೋಡೆಯ ಮೇಲೆ ಅವನದೊಂದೂ ಫೋಟೋ ಇರಲಿಲ್ಲ. ಉಳಿದಿದ್ದು ಯಾರದೋ ಮದುವೆಯ ಗುಂಪಿನ ಚಿತ್ರ. ಅದರಲ್ಲಿ ಹಿಂದಿನ ಸಾಲಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಮುಖ, ಅದೂ ಅರ್ಧ ಮಾಸಿದ್ದು. ಸೋಮವಾರ ಪುಣ್ಯತಿಥಿ. ಅಷ್ಟರೊಳಗೆ ದೊಡ್ಡದು ಮಾಡಿ ಗಾಜಿನ ಕಟ್ಟು ಹಾಕಿಸಿ ಕೊಡಬೇಕು. ಮೊಮ್ಮಗಳು ಸೃಷ್ಟಿ ಅಜ್ಜ ಹೋದ ಮೇಲೆ ಹುಟ್ಟಿದವಳು. ಗೋಡೆಯ ಮೇಲೆ ಯಾವ ಮುಖ ಕೂಡುತ್ತದೋ ಅದೇ ಅವಳಿಗೆ ಅಜ್ಜ ಆಗುತ್ತದೆ ಎಂದು ಮುದುಕಿ ಬಿಡಿಸಿ ಹೇಳಿದಳು.

ವಿದ್ಯಾವತಿ ಆ ಉಗುರಿನಷ್ಟು ಮುಖವನ್ನು ಪರದೆಯ ತುಂಬ ಹಿಗ್ಗಿಸಿದಳು. ಮಾಸಿದ ಹುಬ್ಬು, ಮೀಸೆ, ತಲೆಗೆ ಸುತ್ತಿದ ಪಟಗದ ಅಂಚು, ಹಣೆಯ ವಿಭೂತಿ ಎಲ್ಲವನ್ನೂ ಕಣ್ಣಳತೆಯಲ್ಲಿ ಕೂಡಿಸಿದಳು. ಮುಖ ತುಸು ಹರಡಿದಂತೆ ಕಂಡಿತು. ಎಲ್ಲರಿಗೂ ಮಾಡುವಂತೆ ಚಿತ್ರವನ್ನು ಎರಡೂ ಕಡೆಯಿಂದ ಒತ್ತಿ ಅಗಲ ಕಿರಿದು ಮಾಡಿದಳು. ಪ್ರಿಂಟು ಸೊಗಸಾಗಿ ಬಂತು. ಗುರುಶಾಂತ ನೋಡಿ, ಸತ್ತವನಿಗೂ ಇಷ್ಟು ಕಳೆ ತಂದಳಲ್ಲ ಎಂದುಕೊಂಡ.

ನಿಂಬೆವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಇವ ಯಾರವಾ ಎಂದು ಕೇಳಿದಳು.

ಮರುದಿನ ಮತ್ತೊಂದು ಪ್ರಿಂಟು ತೆಗೆದದ್ದಾಯಿತು. ಅದಕ್ಕೂ ಅದೇ ಪ್ರಶ್ನೆ. ಮುದುಕಿಗೆ ನೆನಪು ಮಸುಕಾಗಿದೆ, ಕಟ್ಟು ಹಾಕಿ ಹಾರ ಹಾಕಿದರೆ ತಾನೇ ಒಪ್ಪುತ್ತಾಳೆ ಎಂದು ಗುರುಶಾಂತ ಕಣ್ಸನ್ನೆ ಮಾಡಿದ. ವಿದ್ಯಾವತಿ ಅತ್ತ ನೋಡಲೇ ಇಲ್ಲ. ಸ್ಟೂಲು ಎಳೆದು ಮುದುಕಿಯ ಎದುರು ಕೂತಳು.

“ಏನ್ ತಪ್ಪ ಅದ ಹೇಳಬೇ ಯವ್ವಾ. ಮೂಗೋ, ಕಣ್ಣೋ?”

“ಎಲ್ಲಾ ಅವರದೇ ಅದ. ಆದರ ಇವ ಹಸದಾನ ನೋಡು,” ಎಂದಳು ನಿಂಬೆವ್ವ. “ನಾ ಅವರಿಗಿ ಒಂದಿನಾನೂ ಹಸಿವಿಲೆ ಇಟ್ಟಿಲ್ಲ.”

ಗುರುಶಾಂತನಿಗೆ ನಗು ಬಂತು. ವಿದ್ಯಾವತಿಗೆ ಬರಲಿಲ್ಲ. ಅವಳು ಪ್ರಿಂಟನ್ನು ಪರದೆಯ ಪಕ್ಕಕ್ಕೆ ಹಿಡಿದಳು. ಪರದೆಯಲ್ಲಿ ಉಂಡುಟ್ಟ ಮನುಷ್ಯ. ಕಾಗದದಲ್ಲಿ ಉಪವಾಸ ಬಿದ್ದವನು. ಪ್ರಿಂಟು ಕೆಳಗಿಟ್ಟು, ಪರದೆಯ ಮೇಲೆ ಒಂದು ವೃತ್ತ ಬರೆಸಿದಳು. ಎತ್ತರದಷ್ಟೇ ಅಗಲ ಇರಲಿ ಎಂದು ಕಂಪ್ಯೂಟರಿಗೆ ಅಂಕಿ ಕೊಟ್ಟೇ ಬರೆಸಿದ ವೃತ್ತ. ಆಮೇಲೆ ಕೈಯಿಂದ ಒಂದು ಗಾಜಿನ ಬಳೆ ಕಳಚಿ ಅದರ ಮೇಲಿಟ್ಟಳು. ಬಳೆಯ ಮೇಲೂ ಕೆಳಗೂ ಗೆರೆ ಸರಿಯಾಗಿ ಕೂತಿತು. ಎಡಕ್ಕೂ ಬಲಕ್ಕೂ ಹೊರಗೆ ಜಾರಿತು. ಕಂಪ್ಯೂಟರು ಗುಂಡಗಿದೆ ಎನ್ನುತ್ತಿದ್ದುದು ಪರದೆಯಲ್ಲಿ ತತ್ತಿಯಂತಿತ್ತು. ಊರಿನವರೆಲ್ಲ ಈ ಪರದೆಯಲ್ಲಿ ದಪ್ಪಗೆ ಕಂಡದ್ದಕ್ಕೇ ಅವಳು ಇಷ್ಟು ದಿನ ಊರನ್ನೆಲ್ಲ ಒತ್ತಿದ್ದಳು.

ಜುಬೇರ ಬಂದು ಕೇಬಲ್ ಬದಲಿಸಿ ನೋಡಿದ. ಫರಕು ಬೀಳಲಿಲ್ಲ. ಸರಿಯಿರುವ ಪರದೆ ತನ್ನ ಅಗಲ ಎತ್ತರ ಎಷ್ಟೆಂದು ಕಂಪ್ಯೂಟರಿಗೆ ತಾನೇ ಹೇಳುತ್ತದೆ, ಈ ಪರದೆಯ ಬಾಯಿ ಬಿದ್ದುಹೋಗಿದೆ ಎಂದು ವಿವರಿಸಿದ. ಪರದೆ ಏನೂ ಹೇಳದ್ದರಿಂದ ಕಂಪ್ಯೂಟರು ಹಳೆಯ ಕಾಲದ ಚೌಕ ಪರದೆಯ ಅಳತೆ ಹಿಡಿದು, ಅದನ್ನೇ ಅಗಲಕ್ಕೆ ಎಳೆದು ಹಾಸಿತ್ತು. ರೆಸಲ್ಯೂಷನ್ನಿನ ಪಟ್ಟಿಯಲ್ಲಿ ಈ ಪರದೆಯ ಅಳತೆ ಇರಲೇ ಇಲ್ಲ. ಹೊಸ ಪರದೆ ತಗೊಳ್ರಿ ಅಕ್ಕಾ ಎಂದು ಜುಬೇರ ಕೈ ಝಾಡಿಸಿದ. ಮಾಲು ಚೊಕ್ಕ ಎಂದಿದ್ದ ಗುರುಶಾಂತ ಆ ಹೊತ್ತಿಗೆ ಬೀದಿಯ ಕಡೆ ನೋಡುತ್ತಿದ್ದ.

ಜುಬೇರ ಹೋದ ಮೇಲೆ ಗುರುಶಾಂತ ತನ್ನ ಬುದ್ಧಿವಂತಿಕೆ ಹೊರಗೆ ತೆಗೆದ.

“ತಂಗಿ, ಮಂದಿನ್ನ ತೆಳ್ಳಗ ಮಾಡೋ ಪರದಾ ಅದು. ದುಡ್ಡು ಕೊಟ್ರೂ ಸಿಗಂಗಿಲ್ಲ. ಮುದುಕಿದೊಂದು ಬ್ಯಾರೆ ಕಡಿ ಮಾಡ್ಸಿಕೊಡು, ಇದಕ್ಕ ಕೈ ಹಚ್ಚಬ್ಯಾಡ.”

“ಅಣ್ಣಾರ, ನಿಮ್ಮ ತಕ್ಕಡಿ ಹಿಂಗ ವಾಲಿದ್ರ ಏನ್ ಮಾಡ್ತೀರಿ?”

“ಯಾವ ಕಡಿ ವಾಲೇದ ಅನ್ನೋದರ ಮ್ಯಾಲ ಅದ,” ಎಂದ ಗುರುಶಾಂತ, ಪ್ರಾಮಾಣಿಕವಾಗಿ.

ಅವಳು ಈ ಸಲ ನಕ್ಕಳು. ನಗುತ್ತಲೇ ಕೀಲಿಮಣೆ ಹತ್ತಿರ ಎಳೆದುಕೊಂಡಳು. ಪಟ್ಟಿಯಲ್ಲಿ ಇಲ್ಲದ ಅಳತೆಯನ್ನು ನಾವೇ ಸೇರಿಸಬಹುದು ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿಟ್ಟಿದ್ದರು. ಸಿವಿಟಿ ಎಂಬ ಆಜ್ಞೆಗೆ ಪರದೆಯ ಅಗಲ ಎತ್ತರ ಕೊಟ್ಟರೆ ಅದು ಅಂಕಿಗಳ ಉದ್ದನೆಯ ಸಾಲೊಂದನ್ನು ಉಗುಳುತ್ತದೆ. ಆ ಸಾಲಿಗೆ ಎಕ್ಸ್‌ರ‍್ಯಾಂಡರ್ ಎಂಬ ಇನ್ನೊಂದು ಆಜ್ಞೆಯಿಂದ ಹೆಸರಿಡಬೇಕು. ಹೆಸರಿಟ್ಟದ್ದನ್ನು ಪರದೆಗೆ ಗಂಟು ಹಾಕಬೇಕು. ಆಮೇಲೆ ಅದಕ್ಕೇ ಬದಲಾಯಿಸು ಎನ್ನಬೇಕು. ಹೆಸರಿಡುವ ತೊಟ್ಟಿಲು, ಗಂಟು ಹಾಕುವ ಮದುವೆ ಎರಡೂ ಒಂದೇ ಚಪ್ಪರದಲ್ಲಿ ಮುಗಿಯುತ್ತವಲ್ಲ ಎಂದುಕೊಂಡ ಗುರುಶಾಂತ ಅಂಗಡಿ ಬಿಟ್ಟು ಅಲ್ಲೇ ನಿಂತ.

ಮೊದಲ ಪ್ರಯತ್ನದಲ್ಲಿ ಒಂದು ಅಂಕಿ ತಪ್ಪಿ ಪರದೆ ಕಪ್ಪಾಯಿತು. ಗುರುಶಾಂತ ಒಂದು ಹೆಜ್ಜೆ ಹಿಂದೆ ಸರಿದ, ಮಾರಿದ್ದು ಅವನಲ್ಲವೇ. ವಿದ್ಯಾವತಿ ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದಳು. ಹಳೆಯ ಅಳತೆ ಮರಳಿ ಬಂತು. ಕೆಡಿಸಿದರೂ ಮೊದಲಿನಂತಾಗುವ ಇಂಥ ಮಾಲು ತಾನು ಜನ್ಮದಲ್ಲೇ ಮಾರಿಲ್ಲ ಎಂದು ಅವನಿಗೆ ಆಗ ಪುಕ್ಕಟೆಯ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಸಾಲನ್ನು ಬೆರಳಿಟ್ಟು ಓದುತ್ತ ಅವಳು ಎರಡನೆಯ ಸಲ ಬರೆದಳು. ಪರದೆ ಕಣ್ಣು ಮಿಟುಕಿಸಿತು. ಅಕ್ಷರಗಳು ಸಣ್ಣಗಾದವು, ಚೂಪಾದವು. ಮತ್ತೆ ಬರೆಸಿದ ವೃತ್ತ ಈಗ ಬಳೆಯೊಳಗೆ ಸುಮ್ಮನೆ ಹೋಗಿ ಕೂತಿತು.

ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಎಲ್ಲ ಮತ್ತೆ ತತ್ತಿ. ಅವಳು ಬೈಯಲಿಲ್ಲ. ಕಂಪ್ಯೂಟರು ತೆರೆದಾಗಲೆಲ್ಲ ತಾನೇ ಓದಿಕೊಳ್ಳುವ ಒಂದು ಫೈಲಿನೊಳಗೆ ಆ ಸಾಲುಗಳನ್ನು ಬರೆದಿಟ್ಟಳು. ಪರದೆಗೆ ಬಾಯಿ ಇಲ್ಲದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಅದರ ಪರವಾಗಿ ಹೇಳುವವರು ಒಬ್ಬರಿದ್ದರಾಯಿತು.

ಫೋಟೋವನ್ನು ಮಾತ್ರ ಮೊದಲಿನಿಂದ ಮಾಡಬೇಕಾಯಿತು. ಹುಬ್ಬು, ಮೀಸೆ, ಪಟಗ ಎಲ್ಲವೂ ಸುಳ್ಳು ಪರದೆಯ ಕಣ್ಣಳತೆ. ಮಾಡಿದ್ದನ್ನೆಲ್ಲ ಅಳಿಸಿ, ಉಗುರಿನಷ್ಟು ಮುಖವನ್ನು ಮತ್ತೆ ತೆರೆದಳು. ಇತ್ತ ಹೊರಗೆ, ಹೊಸ ಅಳತೆಯಲ್ಲಿ ತಿದ್ದಿದ ಫೋಟೋ ಒಯ್ಯಲು ಬಂದಿದ್ದ ಗಿರಾಕಿ ಸರಸ್ವತಿಬಾಯಿ, ಮಗಳು ಈ ಸಲ ದಪ್ಪ ಕಾಣುತ್ತಾಳೆ ಎಂದು ಮುನಿಸಿಕೊಂಡು ಹೋದಳು. ಒಂದು ಒಳ್ಳೆಯ ಗಿರಾಕಿ ಮೆಟ್ಟಿಲಿಳಿಯುವುದನ್ನು ನೋಡುತ್ತ ಗುರುಶಾಂತ ಕೈತಪ್ಪಿದ ದುಡ್ಡನ್ನು ಬೆರಳ ಮೇಲೆ ಎಣಿಸಿದ. ವಿದ್ಯಾವತಿ ತಲೆ ಎತ್ತಲಿಲ್ಲ.

ಪುಣ್ಯತಿಥಿಯ ಮುಂಚಿನ ದಿನ ನಿಂಬೆವ್ವ ಬಂದಳು. ಪ್ರಿಂಟಿಗೂ ಮೊದಲು ಪರದೆಯಲ್ಲೇ ನೋಡು ಎಂದು ವಿದ್ಯಾವತಿ ಕುರ್ಚಿ ಬಿಟ್ಟುಕೊಟ್ಟಳು. ದುಂಡನೆಯ ಮುಖ, ಗಲ್ಲದ ಕೆಳಗೆ ಒಂದು ಮಡಿಕೆ, ಪಟಗ ತುಸು ಓರೆ. ಚೆಂದ ಎಂದು ಯಾರೂ ಹೇಳುವ ಮುಖವಲ್ಲ. ಮುದುಕಿ ಮುಂದಕ್ಕೆ ಬಾಗಿ ನೋಡಿದಳು.

“ಹಾಂ,” ಎಂದಳು ನಿಂಬೆವ್ವ ಮೆಲ್ಲಗೆ. “ಇವರ ನೋಡವಾ. ಉಂಡ ಮ್ಯಾಲ ಹಿಂಗ ಕುಂದರ್ತಿದ್ರು.”

ಇವ ಹೋಗಿ ಇವರು ಆಗಿದ್ದರು. ವಿದ್ಯಾವತಿ ಪ್ರಿಂಟಿಗೆ ಕೊಟ್ಟಳು.

ಕಟ್ಟು ಹಾಕಿಸಿದ ಮೇಲೆ ಗಾಜು ಭಾರವಾಯಿತು. ಬಸ್ಸಿಗೆ ಏರಿಸುವ ಕೆಲಸ ಗುರುಶಾಂತನ ತಲೆಗೆ ಬಂತು. ಪರದೆ ಮಾರಿದ ಪಾಪಕ್ಕೆ ಇಷ್ಟಾದರೂ ಮಾಡ್ರಿ ಅಣ್ಣಾರ ಎಂದು ವಿದ್ಯಾವತಿ ಚುಚ್ಚಿ ಕಳಿಸಿದಳು. ಅವನು ಫೋಟೋವನ್ನು ಸೀಟಿನ ಅಡಿಗೆ ಸರಿಸಲು ಹೋದ. ನಿಂಬೆವ್ವ ತಡೆದು, ತನ್ನ ಪಕ್ಕದ ಸೀಟಿನ ಮೇಲೆ ನೇರ ನಿಲ್ಲಿಸಲು ಹೇಳಿದಳು. ಅಷ್ಟರಲ್ಲಿ ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಇಂಥ ಚೇಷ್ಟೆಯೊಂದೇ ಅವನಿಗೆ ಉಳಿದ ಮನರಂಜನೆ.

“ಯವ್ವಾ, ನಿನಗ ಫ್ರೀ ಅದ. ಸೀಟ್ ಹಿಡದು ಕುಂತಾರಲ್ಲ ಯಜಮಾನ್ರು, ಇವರಿಗಿ?”

ನಿಂಬೆವ್ವ ಸೆರಗಿನ ಗಂಟು ಬಿಚ್ಚಿದಳು. “ಹೌದ್ರಿ, ಅವರಿಗಿ ಬೇಕಲ್ಲ. ಒಂದು ಖಜೂರಿ ಕೊಡ್ರಿ.”

ಕಂಡಕ್ಟರ್ ಫೋಟೋವನ್ನು ನೋಡಿದ, ಮುದುಕಿಯನ್ನು ನೋಡಿದ, ಕೊನೆಗೆ ಗುರುಶಾಂತನನ್ನೂ ನೋಡಿದ. ಯಾರ ಮುಖದಲ್ಲೂ ನಗುವಿರಲಿಲ್ಲ. ಮಷೀನು ಗರಗರ ಎಂದು ಒಂದು ಟಿಕೇಟು ಬಿಟ್ಟಿತು. ಅವಳು ಅದನ್ನು ಕಟ್ಟಿನ ಸಂದಿಗೆ ಸಿಕ್ಕಿಸಿ, ಗಾಳಿ ಆಡಲಿ ಎಂದು ಕಿಟಕಿಯ ಗಾಜು ಸರಿಸಿದಳು.