ಎಣ್ಣೆ ಅಂಗಡಿಯಲ್ಲಿ ಪಾಪ್‌ಕಾರ್ನ್

ನನ್ನ ಅಂಗಡಿಯ ಹೊಸ್ತಿಲು ದಾಟುವ ಮೊದಲು ಸಾಹುಕಾರರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ದಪ್ಪ ಬೆರಳುಗಳು, ಉಗುರಿನ ಸಂದಿಯಲ್ಲೂ ಕಡಲೆಕಾಯಿ ಎಣ್ಣೆಯ ಮಿರುಗು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನನ್ನದು ರೇಷ್ಮೆ ಸೀರೆಯ ವ್ಯಾಪಾರ, ಊರು ಮೊಳಕಾಲ್ಮೂರು. ಚಳ್ಳಕೆರೆಗೆ ಬಂದು ಅವರ ಎಣ್ಣೆ ಅಂಗಡಿಯ ಪಕ್ಕದಲ್ಲೇ ಬಾಡಿಗೆ ಹಿಡಿದಾಗ, ಎಣ್ಣೆ ಪಕ್ಕ ರೇಷ್ಮೆ ಇಟ್ಟ ಮೂರ್ಖ ಇವನೊಬ್ಬನೇ ಎಂದು ನಮ್ಮ ಬೀಗರು ಆಡಿಕೊಂಡಿದ್ದರು. ಆದರೆ ಇಷ್ಟು ವರ್ಷದಲ್ಲಿ ನನ್ನ ಒಂದು ಸೀರೆಗೂ ಸಾಹುಕಾರರ ಕೈಯ ಕಲೆ ತಗುಲಲಿಲ್ಲ. ಹೊಸ ಸೀರೆ ಬಂದರೆ ದೂರದಿಂದಲೇ ಬಗ್ಗಿ ನೋಡಿ, ಚೆಂದೈತೆ ತಮ್ಮಾ, ಎತ್ತಿಡು ಎಂದು ಹೋಗಿಬಿಡುತ್ತಿದ್ದರು.

ಅವರಲ್ಲಿ ಒಂದು ಪದ್ಧತಿಯಿತ್ತು. ಗಲ್ಲಾದ ಪಕ್ಕ ಸದಾ ಒಂದು ಅಗಲವಾದ ಪರಾತ. ಗಿರಾಕಿ ಬಂದರೆ ಅದಕ್ಕೆ ಮಂಡಕ್ಕಿ ಸುರಿದು, ಹಿಂದಿನ ಗಾಣದಿಂದ ಆಗಷ್ಟೇ ಇಳಿದ ಹಸಿ ಎಣ್ಣೆ, ಉಪ್ಪು, ಖಾರದಪುಡಿ ಹಾಕಿ ಕಲಸುವುದು. ಮೊದಲ ಹಿಡಿ ಸಾಹುಕಾರರದು. ಅವರು ತಿಂದ ಮೇಲೆಯೇ ಗಿರಾಕಿ ಕೈ ಹಾಕಬೇಕು. ಎಣ್ಣೆಗೆ ಬೇರೇನೂ ಬೆರೆತಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಬೋರ್ಡಿನ ಮೇಲೆ 'ಶುದ್ಧ' ಎಂಬ ಮಾತನ್ನು ಅವರು ಬರೆಸಿರಲೇ ಇಲ್ಲ. ದಿನಕ್ಕೆ ಎಷ್ಟು ಗಿರಾಕಿಯೋ ಅಷ್ಟು ಹಿಡಿ ಹೊಟ್ಟೆಗಿಳಿಯುತ್ತಿತ್ತು. ಸಂಜೆಗೆ ಮೆಣಸಿನಕಾಯಿ ಬಜ್ಜಿ ಬೇರೆ.

ಒಮ್ಮೆ ಚಳಿಗಾಲದಲ್ಲಿ ಬಹಳ ದಿನ ಕಾಣಲಿಲ್ಲ. ಶ್ರೀಶೈಲಕ್ಕೆ ಹೋಗಿದ್ದಾರೆ ಎಂದರು ಮನೆಯವರು. ವಾಪಸು ಬಂದವರು ಅರ್ಧ ಆಗಿದ್ದರು. ಯಾತ್ರೆಯ ಸುಸ್ತು ಇರಬೇಕೆಂದು ಮಾತನಾಡಿಸಲು ಹೋದೆ, ಬಾಗಿಲಲ್ಲೇ ನಿಂತುಬಿಟ್ಟೆ. ಸಾಹುಕಾರರು ಗಲ್ಲಾದ ಮೇಲೆ ಕೂತು, ಪಳಪಳ ಹೊಳೆಯುವ ಪಾಕೀಟಿನಿಂದ ಪಾಪ್‌ಕಾರ್ನ್ ತಿನ್ನುತ್ತಿದ್ದರು! ಕೋಳಿ ತಿನ್ನೋ ಮೆಕ್ಕೆಜೋಳ ಉಬ್ಬಿಸಿ ಮಾರ್ತಾರೆ ಎಂದು ಬೈಯುತ್ತಿದ್ದ ಮನುಷ್ಯ ಇವರೇನಾ ಎಂದು ನನಗೆ ನಂಬಿಕೆಯೇ ಬರಲಿಲ್ಲ.

ಬಾಯಾಡಿಸಲು ಇದೇ ಒಳ್ಳೆಯದು ಎಂದರು. ಅವರ ಹೆಂಡತಿ, ನಾವೆಲ್ಲ ಅಮ್ಮಾರು ಎನ್ನುವವರು, ಪೇಟೆಯಲ್ಲಿ ಸಿಗುವ ಬಗೆಯನ್ನೆಲ್ಲ ತರಿಸಿ ಸಾಲಾಗಿ ಇಟ್ಟಿದ್ದರಂತೆ. ಸಾಹುಕಾರರು ಒಂದೊಂದನ್ನೇ ಬಿಡಿಸಿ ಮೂಸಿ ನೋಡಿದರಂತೆ. ಸಕ್ಕರೆ ಪಾಕದ್ದು ಮೊದಲೇ ಹೋಯಿತು. ಬೆಣ್ಣೆಯದನ್ನು ಮೂಸಿ, ಹೆಸರು ಬೆಣ್ಣೆಯದು, ವಾಸನೆ ಪಾಮಾಯಿಲಿನದು ಎಂದು ದೂಡಿದರು. ಕೊನೆಗೆ ಗೆದ್ದದ್ದು ಬರೀ ಕಾಳು, ಚಿಟಿಕೆ ಉಪ್ಪಿನ ಸಪ್ಪೆ ಪಾಕೀಟು. ಮನೆಯಲ್ಲೇ ಹುರಿದುಕೊಳ್ಳಬಹುದಲ್ಲ ಎಂದು ಕೇಳಿದೆ.

"ಮನೇಲಿ ಹುರಿದ್ರೆ ನನ್ ಕೈ ಸುಮ್ನಿರಲ್ಲ ತಮ್ಮಾ, ಎಣ್ಣೆ ಸುರೀತೈತೆ. ಪಾಕೀಟಾದ್ರೆ ಏನೈತೋ ಅಷ್ಟೇ."

ಎಣ್ಣೆ ಮಾರುವವರಿಗೆ ಎಣ್ಣೆಯ ಭಯ ಯಾಕೆಂದು ನನಗೆ ಹೊಳೆಯಲಿಲ್ಲ. ಹೊಳೆಯದ್ದು ನನಗೊಬ್ಬನಿಗೇ ಅಲ್ಲ. ನಮ್ಮೂರ ಕಡೆಯ ಹೆಂಗಸೊಬ್ಬಳು, ಹಳೇ ಗಿರಾಕಿ, ಮಗಳ ಮದುವೆಗೆ ಎಣ್ಣೆ ಒಯ್ಯಲು ಬಂದಿದ್ದಳು. ಸಾಹುಕಾರರು ಮಂಡಕ್ಕಿ ಕಲಸಿ ಪರಾತವನ್ನು ಅವಳತ್ತ ಸರಿಸಿದರು, ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಮೀರು ತಿನರಾ?" ಎಂದು ಕೇಳಿದಳು ತೆಲುಗಿನಲ್ಲಿ, ನೀವು ತಿನ್ನಲ್ವಾ ಎಂದು. ಇವತ್ತು ಬ್ಯಾಡಮ್ಮ ಎಂದರು ಇವರು. ಅವಳು ಖಾಲಿ ಡಬ್ಬ ಎತ್ತಿಕೊಂಡು ಎದುರಿನ ಅಂಗಡಿಗೆ ಹೋದಳು.

ಅಲ್ಲಿಂದ ಮಾತು ಹಬ್ಬಿತು. ಸಾಹುಕಾರರೇ ತಮ್ಮ ಎಣ್ಣೆ ಮುಟ್ಟಲ್ಲವಂತೆ, ಏನೋ ಕಲಬೆರಕೆ ಐತಂತೆ, ಅದಕ್ಕೇ ಪಾಪ್‌ಕಾರ್ನ್ ತಿಂತಾರಂತೆ. ಗೌರಸಮುದ್ರದವರು ಬರುವುದನ್ನು ಬಿಟ್ಟರು, ಸಿದ್ದಾಪುರದವರು ಬಿಟ್ಟರು. ಮಧ್ಯಾಹ್ನವೇ ಗಾಣ ನಿಲ್ಲತೊಡಗಿತು. ತಾತನ ಕಾಲದ ಹೆಸರು ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಒಂದು ಹಿಡಿ ತಿಂದುಬಿಡಿ, ಊರಿನ ಬಾಯಿ ಮುಚ್ಚುತ್ತೆ ಎಂದೆ ನಾನು. ಅವರು ನನ್ನನ್ನೇ ನೋಡಿ, ಪಾಕೀಟಿನ ಬಾಯಿ ಮಡಚಿ ಪಕ್ಕಕ್ಕಿಟ್ಟರು.

ಸಂತೆಯ ದಿನ ಅಂಗಡಿ ತುಂಬ ಜನ. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ಒಬ್ಬ ಪರಾತ ತೋರಿಸಿ, ಎಲ್ಲಿ, ಮೊದಲು ನೀವು ತಿನ್ರಿ ನೋಡಾನ ಎಂದ. ಸಾಹುಕಾರರ ಕೈ ಮಂಡಕ್ಕಿಗೆ ಇಳಿಯಿತು. ಒಂದು ಹಿಡಿ ಎತ್ತಿದ್ದೂ ಆಯಿತು. ಒಳಬಾಗಿಲಿನಿಂದ ಅಮ್ಮಾರು "ಬ್ಯಾಡ್ರೀ" ಎಂದರು. ಜೋರಾಗಿಯೇನೂ ಅಲ್ಲ, ಆದರೆ ಅವರ ಕೈ ನಿಂತಿತು. ಹಿಡಿಯನ್ನು ಪರಾತಕ್ಕೇ ಸುರಿದು, ಎದ್ದು ನಿಂತು, ಅಂಗಿಯ ಗುಂಡಿ ಬಿಚ್ಚತೊಡಗಿದರು.

ಬೇಸಿಗೆಯ ಧಗೆಯಲ್ಲೂ ಕೊರಳಿನ ಗುಂಡಿ ತೆಗೆಯದ ಮನುಷ್ಯ ಎಲ್ಲರೆದುರು ಎದೆ ತೋರಿಸಿ ನಿಂತರು. ಗಂಟಲಿನ ಕೆಳಗಿನಿಂದ ಹೊಟ್ಟೆಯವರೆಗೆ ಉದ್ದಕ್ಕೆ ಸೀಳಿ ಹೊಲಿದ ಗಾಯ, ಇನ್ನೂ ಕೆಂಪಗಿತ್ತು. ಶ್ರೀಶೈಲವೂ ಇಲ್ಲ, ಯಾತ್ರೆಯೂ ಇಲ್ಲ, ಆಗಿದ್ದು ಹೃದಯದ ಆಪರೇಷನ್. ಇಂಥವರಿಗೆ ನಾನು ಒಂದು ಹಿಡಿ ತಿನ್ನಿ ಎಂದಿದ್ದೆ.

"ತಪ್ಪು ಎಣ್ಣೇದಲ್ಲ, ನನ್ ಬಾಯಿದು. ಚೆನ್ನಾಗೈತೆ ಅಂತ ಮಿತಿ ಇಲ್ದಂಗೆ ತಿಂದೆ. ನೀವು ಅಳತೆ ನೋಡ್ಕಂಡು ತಿನ್ರಿ."

ಎಣ್ಣೆ ಮಾರುವವರ ಬಾಯಲ್ಲಿ ಕಡಿಮೆ ತಿನ್ನಿ ಎಂಬ ಮಾತು! ಅಷ್ಟರಲ್ಲಿ, ಮದುವೆಯಾಗಿ ಬಂದಾಗಿನಿಂದ ಗಲ್ಲಾದ ಈಚೆ ಕಾಲಿಡದ ಅಮ್ಮಾರು ಹೊರಗೆ ಬಂದು, ಪರಾತದಿಂದ ಒಂದು ಹಿಡಿ ತೆಗೆದು, ಎಲ್ಲರ ಮುಖ ನೋಡುತ್ತಾ ತಿಂದರು. ಆವತ್ತಿನಿಂದ ಮೊದಲ ಹಿಡಿ ಅವರದಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು.

ಸಾಹುಕಾರರು ಊರಿಗೇ ಪಾಪ್‌ಕಾರ್ನ್ ಗುರು ಆದರು. ನನಗೆ ಬಿ.ಪಿ. ಬಂದಾಗ ಬಜ್ಜಿಯ ಪೊಟ್ಟಣ ಕಿತ್ತುಕೊಂಡು ತಮ್ಮ ಪಾಕೀಟು ಕೈಗಿಟ್ಟರು. ತಾವು ಒಂದು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಆಹಾ ಎನ್ನುತ್ತಿದ್ದರು. ಅದನ್ನು ನೋಡಿಯೇ ನನಗೂ ರುಚಿ ಹತ್ತಿತು. ನಾನು ಇವತ್ತು ಓಡಾಡಿಕೊಂಡಿರುವುದಕ್ಕೆ ಆ ಆಹಾ ಕೂಡ ಕಾರಣ.

ಹೋದ ವರ್ಷ ಒಂದು ಮಧ್ಯಾಹ್ನ, ಗಲ್ಲಾಕ್ಕೆ ಒರಗಿ ನಿದ್ದೆ ಮಾಡಿದಂತೆ ಹೋಗಿಬಿಟ್ಟರು. ಕಾರ್ಯದ ದಿನ ಸಮಾಧಿಯ ಹತ್ತಿರ ಎಡೆ ಇಡುವಾಗ, ಅವರಿಗೆ ಇಷ್ಟವಾದದ್ದೆಂದು ನಾನೂ ಒಂದು ಪಾಪ್‌ಕಾರ್ನ್ ಪಾಕೀಟು ತಂದು ಇಟ್ಟೆ. ಅಮ್ಮಾರು ಅದನ್ನು ಮೆಲ್ಲಗೆ ಎತ್ತಿ ನನ್ನ ಕೈಗೇ ಕೊಟ್ಟರು.

"ಇದು ಅವರಿಗೆ ಒಂದ್ ದಿನಾನೂ ಸೇರ್ಲಿಲ್ಲಪ್ಪ. ನಾನ್ ಒಬ್ಳೇ ಆಗಬಾರ್ದು ಅಂತ ತಿಂತಿದ್ರು."

ಅಮ್ಮಾರು ಅಂಗಡಿಯ ಪರಾತ ತರಿಸಿದರು. ಮಂಡಕ್ಕಿಗೆ ಹಸಿ ಎಣ್ಣೆಯನ್ನು ಧಾರಾಳವಾಗಿ ಸುರಿದು, ಕಲಸಿ, ಸಮಾಧಿಯ ಮುಂದಿಟ್ಟು, ಮೊದಲ ಹಿಡಿ ತಾವು ತೆಗೆಯದೆ ಹಿಂದೆ ಸರಿದು ನಿಂತರು. ಪೂಜೆ ಮುಗಿಯಿತು. ಎಲ್ಲರೂ ತಗೊಳ್ಳಿ ಎಂದು ಯಾರೋ ಹೇಳಿದರು. ಸುತ್ತ ನಿಂತವರಲ್ಲಿ ಮುಕ್ಕಾಲು ಪಾಲು ಹಳೇ ಗಿರಾಕಿಗಳು. ಬಹಳ ಹೊತ್ತು ಒಬ್ಬರೂ ಪರಾತಕ್ಕೆ ಕೈ ಹಾಕಲಿಲ್ಲ.